ಹರಿದಾಸರಾಯರ ಪೂರ್ವಪಕ್ಷ

ವೆಸ್ಟ್ ಮಾಂಬಲಂನ ಹರಿದಾಸರಾಯರಿಗೆ ಒಂದೇ ಹಟ: ಒಬ್ಬನಾದರೂ ಮ್ಯಾನೇಜರ್ ತನ್ನ ತಪ್ಪನ್ನು ತಾನೇ ಕಂಡುಕೊಳ್ಳಬೇಕು. ೧೯೬೨ರಲ್ಲಿ ಎಗ್ಮೋರಿನ ಸಂಜೆ ಕಾಲೇಜೊಂದರಲ್ಲಿ ಆಡಳಿತ ಕಲಿಸಲು ಸೇರಿದ ಮೇಲೆ ಊಟದಲ್ಲೂ ನಿದ್ದೆಯಲ್ಲೂ ಅವರಿಗೆ ಅದೇ ಧ್ಯಾನ. ಅಮೆರಿಕದ ಪಠ್ಯ ಒಗ್ಗಲಿಲ್ಲ. ಅವರ ತಂದೆ ಮಠದ ವಾಕ್ಯಾರ್ಥ ಸಭೆಗಳಲ್ಲಿ ವಾದಿಸುತ್ತಿದ್ದ ಪಂಡಿತರು. ಅಲ್ಲಿ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳುವುದು. ಆಮೇಲೆ ಖಂಡನೆ, ಕೊನೆಗೆ ತನ್ನ ಮಾತೇ ಸರಿಯೆಂಬ ಸಿದ್ಧಾಂತ. ರಾಯರು ಇದನ್ನೇ ತರಗತಿಗೆ ತಂದರು. ಹಗಲು ಮ್ಯಾನೇಜರಿಕೆ ಮಾಡಿ ಸಂಜೆ ಕಲಿಯಲು ಬರುತ್ತಿದ್ದವರಿಗೆ, ನಿಮ್ಮದೇ ಒಂದು ನಿರ್ಧಾರ ಹಿಡಿದು ಅದರ ವಿರುದ್ಧ ವಾದಿಸಿ ಎಂದರು.

ಪುಣ್ಯಾತ್ಮರು ವಾದಿಸಿದರು. ಬ್ಯಾಂಕಿನವನು, ಗಿರಣಿಯವನು, ಎಲ್ಲರೂ ಆಕ್ಷೇಪಗಳನ್ನು ಸೊಗಸಾಗಿ ಎತ್ತಿ, ಒಂದೊಂದನ್ನೂ ಬಡಿದುರುಳಿಸಿ, ತಾವು ಮಾಡಿದ್ದೇ ಸರಿ ಎಂದು ಮುಗಿಸಿದರು. ಮಠದ ಸಭೆಯಲ್ಲಿ ಪೂರ್ವಪಕ್ಷ ಗೆದ್ದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಇಷ್ಟು ಸಣ್ಣ ವಿಷಯ ರಾಯರ ತಲೆಗೆ ಹೊಳೆಯಲೇ ಇಲ್ಲ.

ವರ್ಷದ ಕೊನೆಯ ತರಗತಿಗೆ ಕಾಲೇಜಿನ ಅಧ್ಯಕ್ಷರೇ ಬಂದು ಕುಳಿತರು. ಈ ಪಾಠ ಇರಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ. ಟಿ. ನಗರದಲ್ಲಿ ಮಾವನ ಹೋಟೆಲು ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಭೋಜರಾಜ ಎದ್ದು ನಿಂತ. ದೀಪಾವಳಿಯ ದಿನ ಸಾಂಬಾರು ತಳ ಹಿಡಿದದ್ದಕ್ಕೆ ಹಳೇ ಅಡಿಗೆಭಟ್ಟ ಸದಾನಂದನನ್ನು ಕೆಲಸದಿಂದ ತೆಗೆದಿದ್ದನಂತೆ. ಕೈಗೊಬ್ಬ ಆಳು ಬೇಕೆಂದು ಸದಾನಂದ ಮೊದಲೇ ಬೇಡಿಕೊಂಡಿದ್ದ, ಕೊಡದೆ ಇದ್ದವನು ತಾನೇ ಎಂದ. ಖಂಡನೆಗೆ ಹೋಗದೆ ಅಲ್ಲಿಗೇ ಮುಗಿಸಿಬಿಟ್ಟ.

ರಾಯರು ಇದಕ್ಕೇ ಅಲ್ಲವೇ ಕಾದದ್ದು! ಆದರೆ ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. ಅದನ್ನು ಕಂಡು ರಾಯರಿಗೆ ತಡೆಯಲಾಗಲಿಲ್ಲ. ಪಂಡಿತರ ಮಗನ ಬಾಯಿಂದ ತಾನಾಗಿ ಬಂತು:

"ಸರಿ ಪಾ, ಸಿದ್ಧಾಂತ ಎಲ್ಲಿ?"

ಭೋಜರಾಜ ಪೆಚ್ಚಾದ. ಆಮೇಲೆ ಸುಧಾರಿಸಿಕೊಂಡು, ಹೋಟೆಲಿಗೆ ಶಿಸ್ತು ಮುಖ್ಯ, ಒಬ್ಬನನ್ನು ಬಿಟ್ಟರೆ ಎಲ್ಲರೂ ಸಡಿಲ ಬೀಳುತ್ತಾರೆ, ಆದ್ದರಿಂದ ತೆಗೆದದ್ದು ಸರಿ ಎಂದ. ಚಪ್ಪಾಳೆ ಬಿತ್ತು. ಅಧ್ಯಕ್ಷರು ಪಾಠವನ್ನು ಖಾಯಂ ಮಾಡಿದರು.

ಬಸ್ ಸ್ಟಾಪಿನಲ್ಲಿ ಭೋಜರಾಜ ಅವರಿಗೆ ಕೈಮುಗಿದ.

"ದೊಡ್ಡ ಉಪಕಾರ ಆಯ್ತು ಸರ್. ಸದಾನಂದನ ಹೆಂಡತಿ ದಿನಾ ಬಂದು ಬಾಗ್ಲಲ್ಲಿ ನಿಲ್ತಾಳೆ. ಅವ ವಾಪಸ್ ಬರ್ಲಿ ಅಂತ ಹೇಳುವ ಅಂತಿದ್ದೆ."

"ಈಗಲೂ ಹೇಳಪ್ಪಾ," ಎಂದು ರಾಯರು ಅವನ ಕೈ ಹಿಡಿದುಕೊಂಡರು.

"ಎಂತಕ್ಕೆ ಸರ್?" ಭೋಜರಾಜ ಹಗುರಾಗಿ ನಕ್ಕ. "ಅವಳಿಗೆ ಎಂತ ಹೇಳ್ಬೇಕು ಅಂತ ಈಗ ಗೊತ್ತುಂಟಲ್ಲ."