ಬರೀ ಕಲ್ಲು ಬೀಸುವ ಹೋಟೆಲು

ಹಳ್ಳಿಯವರಿಗೇ ಹಳ್ಳಿ ತೋರಿಸಲು ಒಬ್ಬ ಹೋಟೆಲು ಕಟ್ಟಿದ್ದಾನೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣಾರೆ ಕಂಡದ್ದರಿಂದ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಕ್ಕಳ ಶಾಲೆಯ ಸೂಟಿಗೆಂದು ತವರುಮನೆ ಐನಾಪುರದಲ್ಲಿ ಹದಿನೈದು ದಿನ ಇದ್ದು, ಚಿಕ್ಕೋಡಿಗೆ ಹೊರಟಿದ್ದೆವು. ಕರೆದೊಯ್ಯಲು ಯಜಮಾನರು ಬಂದಿದ್ದರು. ಒಂದು ತಿಂಗಳು ನಮ್ಮಲ್ಲಿರಲೆಂದು ಅವ್ವನೂ ಜೊತೆಗಿದ್ದಳು. ಅಣ್ಣ ತಾನೇ ಜೀಪಿನಲ್ಲಿ ಬಿಟ್ಟುಬರುತ್ತೇನೆಂದ. ದೇವರು ದೊಡ್ಡವನು, ಬಸ್ಸಿನ ನೂಕಾಟ ತಪ್ಪಿತು ಅಂದುಕೊಂಡೆ. ಕುಡಚಿಯ ಹೊಳೆ ದಾಟಿ ರಾಯಬಾಗದ ಕಡೆ ಸ್ವಲ್ಪ ದೂರ ಬಂದ ಮೇಲೆ ಅಣ್ಣ ಗಾಡಿಯನ್ನು ರಸ್ತೆ ಬಿಟ್ಟು ಒಳಗೆ ತಿರುಗಿಸಿದ.

"ಇಳೀರಿ. ಇವತ್ತ ಊಟ ಇಲ್ಲೇ. ನಮ್ಮ ದೋಸ್ತ ಹೊಸಾ ಹೋಟೆಲ ತಗದಾನ. ಹಳ್ಳಿ ಅಂದ್ರ ಹೆಂಗಿರತೈತಿ ಅಂತ ನೋಡ್ರಿ."

"ಇಷ್ಟ ದಿನ ಎಲ್ಲಿದ್ವೀಪಾ, ಮುಂಬೈದಾಗೇನ?" ಎಂದಳು ಅವ್ವ.

ಬಾಗಿಲಲ್ಲಿ ಒಂದು ಚಕ್ಕಡಿ. ಅದರ ಗಾಲಿಗಳನ್ನು ಸಿಮೆಂಟಿನಲ್ಲಿ ಹುಗಿದಿದ್ದರು. ಎತ್ತುಗಳೂ ಸಿಮೆಂಟಿನವೇ, ಮೇವು ಬೇಡ, ಸಗಣಿ ಬಳಿಯುವ ಕೆಲಸವಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಬಂದು ಗಂಡಸರ ತಲೆಗೆ ಗುಲಾಬಿ ಬಣ್ಣದ ನೈಲಾನಿನ ಪಟಗ ಇಟ್ಟ. ಮೊದಲೇ ಸುತ್ತಿ ಹೊಲಿದ ಪಟಗ. ಹೋಗುವಾಗ ವಾಪಸು ಕೊಡಬೇಕು, ಮುಂದಿನ ಗಿರಾಕಿಯ ತಲೆಗೆ ಏರುತ್ತದೆ. ಎಷ್ಟು ಜನರ ಬೆವರು ಕುಡಿದಿತ್ತೋ, ಶಿವನೇ ಬಲ್ಲ. ಚಪ್ಪರದಿಂದ ಪ್ಲಾಸ್ಟಿಕ್ ದ್ರಾಕ್ಷಿಯ ಗೊಂಚಲುಗಳು ಧೂಳು ಹಿಡಿದು ತೂಗಾಡುತ್ತಿದ್ದವು. ಲಾರಿಗಟ್ಟಲೆ ದ್ರಾಕ್ಷಿ ಬೆಳೆಯುವ ಸೀಮೆಯಲ್ಲಿ ಪ್ಲಾಸ್ಟಿಕ್ ದ್ರಾಕ್ಷಿ! ಅಂಗಳದ ರಂಗೋಲಿಗೆ ಎಣ್ಣೆಬಣ್ಣ ಬಳಿದಿದ್ದರು. ದಿನಾ ಎದ್ದು ಹಾಕುವ ಪುಣ್ಯವೂ ಯಾರಿಗೂ ಬೇಡವೆಂದಾಯಿತು.

ಸಾಂಗಲಿ, ಕೊಲ್ಹಾಪುರದ ಕಡೆಯ ಕಾರಿನ ಮಂದಿ ಕಂಬಳಿಯ ಮೇಲೆ ಕಾಲು ಮಡಚಲಾರದೆ ಒದ್ದಾಡುತ್ತ "ಛಾನ್, ಛಾನ್" ಎಂದು ಮರಾಠಿಯಲ್ಲಿ ಹೊಗಳುತ್ತಿದ್ದರು. ನಮಗೂ ತಾಟು ಬಂತು. ರೊಟ್ಟಿ ತಣ್ಣಗಾಗಿ ಚರ್ಮದಂತಾಗಿತ್ತು. ಎಣ್ಣೆಗಾಯಿಯಲ್ಲಿ ಬದನೆಕಾಯಿಯನ್ನು ಹುಡುಕಬೇಕಿತ್ತು. ಯಜಮಾನರು ಮಾತ್ರ ಪಟಗ ಇಟ್ಟುಕೊಂಡೇ ಎರಡನೆಯ ರೊಟ್ಟಿಗೆ ಕೈಹಾಕಿದರು. ಹಸಿದವರಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಸುಮ್ಮನಾದೆ.

ಆಗ ಅವ್ವನ ಕಣ್ಣು ಮೂಲೆಗೆ ಬಿತ್ತು. ಅಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಇಳಕಲ್ ಸೀರೆ ಉಟ್ಟು ಬೀಸುಕಲ್ಲು ತಿರುವುತ್ತಿದ್ದಳು. ಸುತ್ತ ಒಂದು ಚೂರು ಹಿಟ್ಟಿಲ್ಲ. ಕಲ್ಲಿಗೆ ಕಲ್ಲು ತಿಕ್ಕುವ ಕರಕರ ಸದ್ದು ಮಾತ್ರ.

"ಏ ತಂಗಿ, ಕಾಳ ಎಲ್ಲೈತಿ? ಬರೀ ಕಲ್ಲ ತಿರುವಾಕತ್ತಿಯಲ್ಲ!"

"ಹಾಕಬ್ಯಾಡ ಅಂದಾರ್ರಿ ಆಯಿ. ಹಿಟ್ಟ ಹಾರಿ ಗಿರಾಕಿ ಬಟ್ಟಿ-ಅರಿವಿಗೆ ಹತ್ತತೈತಂತ."

ಬರೀ ಬೀಸುಕಲ್ಲು ತಿರುವಿದರೆ ತಿರುವಿದವರ ಮನೆಗೆ ಕೇಡು ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಬೀಸಿ ಏಳುವಾಗಲೂ ನಾಲ್ಕು ಕಾಳು ಕಲ್ಲಿನ ಬಾಯಲ್ಲಿ ಬಿಟ್ಟೇ ಏಳುತ್ತೇವೆ.

"ಕೇಡ ಅನ್ನೂದ ಗೊತ್ತಿಲ್ಲೇನ ನಿನಗ?" ಎಂದಳು ಅವ್ವ.

ಆಕೆಯ ಕೈ ಒಂದು ಗಳಿಗೆ ನಿಂತಿತು. ಮಾಲಕ ದುಡ್ಡು ಎಣಿಸುತ್ತ ಕೂತಿದ್ದ ಗಲ್ಲೆಯ ಕಡೆ ನೋಡಿ ಮತ್ತೆ ತಿರುವತೊಡಗಿದಳು.

"ಗೊತ್ತಿರಲಾರದ ಏನ್ರಿ? ಮನ್ಯಾಗ ಮಗಳು ಬಸರಿ ಅದಾಳ, ಏಳ ತಿಂಗಳ. ಎರಡ ಸಲ ಹೊಟ್ಟ್ಯಾಗಿನ ಕೂಸು ಉಳಿದಿಲ್ಲ. ದಿನಾ ಕೂಡೂಕಿಂತ ಮೊದ್ಲ ಕಲ್ಲಿಗೆ ಕೈ ಮುಗದ, ತಪ್ಪಾತ ತಾಯಿ, ನನಗ ಬಡಿ, ಆಕಿಗಿ ಬಡೀಬ್ಯಾಡ ಅಂತೀನ್ರಿ. ಬಿಸಲಾಗ ಕಬ್ಬಿನ ಕಳೆ ತಗದ ತಗದ ನನ್ನ ನಡಾ ಹೋಗೇತಿ. ಇದು ನೆರಳಿನ ಕೆಲಸ. ನಾ ಒಲ್ಲೆ ಅಂದ್ರ ನಾಳೆ ಮತ್ತೊಬ್ಬಾಕಿನ್ನ ಕೂಡಸ್ತಾರ."

ಅವ್ವ ತಾಟು ಸರಿಸಿದಳು. "ಈ ರೊಟ್ಟಿ ನನ್ನ ಗಂಟಲದಾಗ ಇಳಿಯಾಂಗಿಲ್ಲ."

"ಅವ್ವಾ, ದೋಸ್ತನ ಮುಂದ ಮರ್ಯಾದಿ ತಗೀಬ್ಯಾಡಬೇ," ಎಂದ ಅಣ್ಣ.

"ಮರ್ಯಾದಿ ಇದ್ದಾಂವ ಮೊದ್ಲ ತಲಿಮ್ಯಾಲಿಂದು ತಗದಿಡು."

ನನ್ನ ಚೀಲದಲ್ಲಿ ಉಡಿ ಅಕ್ಕಿ ಇತ್ತು. ತವರಿನಿಂದ ಹೊರಡುವಾಗ ಬೆಳಿಗ್ಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬಿದ್ದಳು. ಅದನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ. ಮನೆಗೆ ಒಯ್ದು, ದೇವರ ಮುಂದಿಟ್ಟು, ಪಾಯಸ ಮಾಡಿ ಮನೆಯವರೇ ಉಣ್ಣಬೇಕು. ಬಿಚ್ಚಲೋ ಬೇಡವೋ ಎಂದು ಅವ್ವನ ಮುಖ ನೋಡಿದೆ. ಅವಳು ಕಲ್ಲನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಕಲ್ಲಿನ ಮುಂದೆ ಕೂತು, ಒಂದು ಹಿಡಿ ಅಕ್ಕಿಯನ್ನು ಅದರ ಬಾಯಿಗೆ ಹಾಕಿದೆ. ಕರಕರ ಸದ್ದು ಅಡಗಿತು. ಬೆಳ್ಳಗಿನ ಹಿಟ್ಟು ಸುತ್ತಲೂ ಉದುರಿತು.

ಅಣ್ಣನ ದೋಸ್ತ, ಆ ಮಾಲಕ, ಗಲ್ಲೆ ಬಿಟ್ಟು ಓಡಿಬಂದ.

"ಯಾರ ಹಾಕಿದ್ರ ಕಾಳ? ಏ, ಏಳ ಮ್ಯಾಲ! ಸೀರಿ ಬಿಚ್ಚಿಟ್ಟ ನಡಿ ಮನಿಗಿ!"

ಸೀರೆಯೂ ಹೋಟೆಲಿನದೇ ಎಂದು ಆಗ ತಿಳಿಯಿತು. ಹೆಂಗಸು ಕಲ್ಲಿನ ಗೂಟ ಬಿಟ್ಟು ಎದ್ದು ನಿಂತಳು. ಪುಣ್ಯ ಮಾಡಲು ಹೋಗಿ ಅವಳ ನೆರಳು ಕಿತ್ತುಕೊಂಡೆನೇ?

"ಆಕಿಗೆ ಯಾಕ ಅಂತೀರಿ? ನಾ ಹಾಕೇನ್ರಿ," ಎಂದೆ.

"ನೀವ ಗಿರಾಕಿ, ನಿಮಗೇನ ಅನ್ನಾಕ ಬರತೈತ್ರಿ? ಇದಕ ಬುದ್ಧಿ ಬ್ಯಾಡ?"

ಅಷ್ಟರಲ್ಲಿ ಅವ್ವ ಬಂದಳು.

"ತಮ್ಮಾ, ಬರೀ ಕಲ್ಲ ತಿರುವಿದ್ರ ಮನಿಗಿ ಕೇಡ. ಈ ಕಲ್ಲ ಯಾರದು?"

"ನಂದ ಐತ್ರಿ."

"ಕೂತಿದ್ದು ಯಾರ ಮನ್ಯಾಗ?"

"ನಮ್ಮ ಹೋಟೆಲದಾಗ."

"ಮತ್ತ ಕೇಡ ಬಡದ್ರ ಯಾರಿಗಿ ಬಡೀಬೇಕು? ಕೂಲಿಗಿ ಬಂದಾಕಿಗೇನ? ಲೆಕ್ಕಾ ಹಾಕ. ಎಷ್ಟ ದಿನಾ ಆತು ತಿರುವಸಾಕತ್ತಿ?"

ಮಾಲಕ ಗಲ್ಲೆಯ ಕಡೆ ತಿರುಗಿ ನೋಡಿದ. ಅದರ ಮೇಲೆ ಲಕ್ಷ್ಮಿಯ ಫೋಟೊ, ಉರಿಯುತ್ತಿದ್ದ ಊದುಬತ್ತಿ. ಮುಖ ಸಪ್ಪಗಾಯಿತು. ದೇವರಿಗೆ ಹೆದರದವನು ಗಲ್ಲೆಗೆ ಹೆದರಿದ. ಅಡುಗೆಮನೆಯತ್ತ ಕೂಗಿ ಒಂದು ಮೊರ ಜೋಳ ತರಿಸಿದ. ಕಲ್ಲಿನ ಕೆಳಗೆ ಒಂದು ಗೋಣಿತಟ್ಟು ಹಾಸಿಸಿದ. "ದಿನಾ ಸ್ವಲ್ಪ ಸ್ವಲ್ಪ ಹಾಕ. ಹಿಟ್ಟ ಹಾರಿಸಬ್ಯಾಡ," ಎಂದು ಅವಳಿಗೆ ಗದರಿಸಿ, ದೊಡ್ಡ ದಾನ ಮಾಡಿದವನಂತೆ ಎದೆಯುಬ್ಬಿಸಿ ಹೋದ. ಹುಟ್ಟಿದ ಮೇಲೆ ಆ ಮನುಷ್ಯ ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು, ಅದೂ ಅಂಜಿ ಮಾಡಿದ್ದು.

ಹೆಂಗಸು ಮತ್ತೆ ಕೂತಳು. ಆದರೆ ಜೋಳಕ್ಕೆ ಕೈಹಾಕಲಿಲ್ಲ. ಮೊದಲು ನನ್ನ ಅಕ್ಕಿಯ ಹಿಟ್ಟನ್ನು ಅಂಗೈಯಲ್ಲಿ ಬಳಿದು ಬಳಿದು ಒಟ್ಟುಮಾಡಿದಳು. ಹೋಟೆಲಿನ ಸೆರಗಿನಲ್ಲಿ ಕಟ್ಟಲು ಮನಸ್ಸಾಗದೆ, ಒಂದು ಹಾಳೆಯ ಚೂರು ಕೊಡುತ್ತೀರಾ ಎಂದು ಕೇಳಿದಳು.

"ಉಡ್ಯಾಗಿನ ಅಕ್ಕಿ ಅಲ್ಲೇನ್ರಿ ಅಕ್ಕಾರ? ಮಗಳಿಗಿ ಅಂಬಲಿ ಮಾಡಿ ಕುಡಸ್ತೀನ್ರಿ."

ಉಳಿದ ಅಕ್ಕಿಯಲ್ಲಿ ಅರ್ಧವನ್ನೂ ಅವಳಿಗೇ ಕೊಟ್ಟೆ. ದಾರಿಯುದ್ದಕ್ಕೂ ಯಜಮಾನರು ಉಡಿ ಅಕ್ಕಿ ಹಂಚಬಾರದಿತ್ತು ಎಂದರು. ಪಾಯಸ ಸ್ವಲ್ಪ ತೆಳ್ಳಗಾಗುತ್ತದೆ, ಉಣ್ಣಿರಿ ಎಂದೆ.

ಮುಂದಿನ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಬರುವಾಗ ಹೋಟೆಲು ಮುಚ್ಚಿತ್ತು. ಸಿಮೆಂಟಿನ ಎತ್ತಿಗೆ ಒಂದು ಕೊಂಬಿರಲಿಲ್ಲ. ನನಗೆ ಒಂದಿಷ್ಟೂ ಕೆಡುಕೆನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಎದುರಿನ ಪಾನಂಗಡಿಯಲ್ಲಿ ಅಣ್ಣನಿಗೆ ಜೀಪು ನಿಲ್ಲಿಸಲು ಹೇಳಿ, ಕಲ್ಲು ಬೀಸುತ್ತಿದ್ದ ಹೆಂಗಸು ಈಗ ಎಲ್ಲಿದ್ದಾಳೆಂದು ಕೇಳಿದೆ.

"ಕಳೆ ತಗಿಯಾಕ ಹೋಗ್ತಾಳ್ರಿ, ಮೊದಲಿನಂಗ," ಎಂದ ಅಂಗಡಿಯವ. ಸುಣ್ಣ ಹಚ್ಚುತ್ತ ಮತ್ತೆ ಹೇಳಿದ: "ಮಗಳಿಗಿ ಹೆಣ್ಣಾಗೇತ್ರಿ. ಇಬ್ರೂ ಆರಾಮ ಅದಾರ."

ಮೊದಲನೆಯ ಮಾತಿಗೆ ಅವಳ ನಡು ನೆನಪಾಯಿತು. ಎರಡನೆಯದಕ್ಕೆ ಜೀಪಿನಲ್ಲಿ ಕೂತಲ್ಲೇ ಕೈ ಮುಗಿದೆ.