ನಾಲ್ಕನೇ ಜ್ವರ

ಹೆಲಿಕಾಪ್ಟರ್ ನೋಡಲೇಬೇಕೆಂದು ಹಟ ಹಿಡಿದದ್ದು ನನ್ನ ಮಕ್ಕಳಲ್ಲ, ನಮ್ಮ ಅತ್ತೆ. ಮಂಡಿನೋವಿನಿಂದ ನಮ್ಮ ಮನೆಯ ಮಹಡಿಯನ್ನೇ ಹತ್ತಲಾರದವರು, ಶಿಡ್ಲಘಟ್ಟದಿಂದ ಚಿಂತಾಮಣಿಯ ಛತ್ರಕ್ಕೆ ಬಂದು ಮದುವೆಯೂಟ ಮುಗಿಸಿ, ಅಲ್ಲಿಂದ ಹೆಣ್ಣಿನ ಹಳ್ಳಿಗೂ ಹೋಗಲೇಬೇಕೆಂದು ಕಾರಿನಲ್ಲಿ ಕೂತೇಬಿಟ್ಟರು.

ಹೆಣ್ಣು ನಮ್ಮ ಅಕ್ಕನ ಮಗಳು. ಒಡಹುಟ್ಟಿದ ಅಕ್ಕನಲ್ಲ, ಗೂಡಿನಿಂದ ಬಂದ ಅಕ್ಕ. ಕೆಂಚಾರ್ಲಹಳ್ಳಿಯ ಹತ್ತಿರ ಅವರು ರೇಷ್ಮೆಹುಳ ಸಾಕುತ್ತಾರೆ, ನಾವು ಗೂಡು ಕೊಂಡು ಬೇಯಿಸಿ ನೂಲು ತೆಗೆಯುತ್ತೇವೆ. ಇಷ್ಟು ವರ್ಷಗಳಲ್ಲಿ ವ್ಯಾಪಾರ ಎಲ್ಲಿ ಮುಗಿದು ನೆಂಟಸ್ತಿಕೆ ಎಲ್ಲಿ ಶುರುವಾಯಿತೋ ಯಾರಿಗೂ ನೆನಪಿಲ್ಲ. ಗಂಡಿನ ಕಡೆಯವರು ಗೌರಿಬಿದನೂರಿನವರು. ಹೆಂಡತಿಯನ್ನು ಹೆಲಿಕಾಪ್ಟರಿನಲ್ಲೇ ಮನೆ ತುಂಬಿಸಿಕೊಳ್ಳಬೇಕೆಂದು ಮದುಮಗನಿಗೆ ಆಸೆ. ಗೌರಿಬಿದನೂರಿಗೆ ಬಸ್ಸಿಲ್ಲವೇ ಎಂದು ನಾನು ಮೂಗು ಮುರಿದಿದ್ದೆ.

ಅಕ್ಕನ ಮನೆಯ ಹಿಂದೆ ಕೊಯ್ಲಾದ ರಾಗಿ ಹೊಲದಲ್ಲಿ ಅದು ನಿಂತಿತ್ತು. ಕಾರಿಗಿಂತ ತುಸು ದೊಡ್ಡದು, ಅಷ್ಟೆ. ಒಂದು ಪಕ್ಕ ಆಳೆತ್ತರ ಬೆಳೆದ ಹಿಪ್ಪುನೇರಳೆ ತೋಟ, ಇನ್ನೊಂದು ಪಕ್ಕ ಹುಳದ ಮನೆ. ನೆರಳಿದ್ದದ್ದು ಹುಳದ ಮನೆಯ ಗೋಡೆ ಪಕ್ಕ ಮಾತ್ರ, ಜನವೆಲ್ಲ ಅಲ್ಲೇ ಮುತ್ತಿಕೊಂಡಿತ್ತು. ಎಲ್ಲರಿಗಿಂತ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನಮ್ಮ ಅತ್ತೆ ಕೂತಿದ್ದರು. ಪೈಲಟ್ ದೂರ ಹೋಗಿ ಎಂದು ಕೈಬೀಸಿ ಬೀಸಿ ಸೋತ. "ಅಮ್ಮೀ, ಸ್ವಲ್ಪ ಹಿಂದೆ ಬನ್ನಿ" ಎಂದು ನಾನು ಕರೆದೆ. "ಮೈ ಯಾಂಸೇ ಹಿಲ್ತಿ ನೈ" ಎಂದರು. ಅವರು ಅಲುಗುವುದಿಲ್ಲವೆಂದರೆ ಅಲುಗುವುದಿಲ್ಲ. ಮದುವೆಯಾದಂದಿನಿಂದ ಬಲ್ಲೆ.

ಅಷ್ಟರಲ್ಲಿ ಅಕ್ಕ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಗಂಡಿನ ಕಡೆಯ ಯಾರೋ ಹುಳದ ಮನೆಯ ಬಾಗಿಲು ತೆಗೆದು ಇಣುಕಿದ್ದರು.

"ನಿಂಗೆ ಹಿಂದಿ ಬರ್ತದಲ್ಲಮ್ಮಾ, ಆ ಪೈಲಟ್‌ಗೆ ಹೇಳು. ಒಳಗೆ ನಾಲ್ಕನೇ ಜ್ವರ. ಹೆಲಿಕಾಪ್ಟರ್ ಸದ್ದು ಒಂದು ಗಳಿಗೆ, ಈ ಜನ ಬಾಗ್ಲೇ ತೆಗೀತಾರೆ. ಇಲ್ಲಿ ಗಲಾಟೆ ಆಗ್ಬಾರ್ದು, ಎಲ್ರುನೂ ರೋಡಿನ ಆಕಡೆಗೆ ಕಳ್ಸಕ್ಕೆ ಹೇಳು."

ಚಿಕ್ಕಬಳ್ಳಾಪುರದ ಗುಮಾಸ್ತರ ಮಗಳು ನಾನು. ಮದುವೆಯಾದ ಮೇಲೆ ಗೂಡು ಕಲಿತೆ, ನೂಲು ಕಲಿತೆ, ಹುಳದ ಸುದ್ದಿ ನನಗೆ ಗೊತ್ತಿರಲಿಲ್ಲ. ಪಾಪ, ಮದುವೆಮನೆಯಲ್ಲಿ ನಾಲ್ಕನೆಯವರಿಗೂ ಜ್ವರ ಅಂಟಿತಲ್ಲ ಎಂದು ಮರುಗುತ್ತಾ, ಒಳಗೆ ನಾಲ್ಕು ಜನ ಜ್ವರದಲ್ಲಿ ಮಲಗಿದ್ದಾರೆಂದು ಪೈಲಟ್‌ಗೆ ಹಿಂದಿಯಲ್ಲಿ ಹೇಳಿದೆ.

ಆತ ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಎಲ್ಲರೂ ಇಲ್ಲಿಂದ ಹೋಗುವವರೆಗೆ ಎಂಜಿನ್ ಮುಟ್ಟುವುದಿಲ್ಲ ಎಂದುಬಿಟ್ಟ. "ಜ್ವರ ಅಂತೆ" ಎಂಬ ಮಾತು ಗುಂಪಿನಲ್ಲಿ ಹಬ್ಬಿತು. ಕೊರೊನಾ ಕಂಡ ಗಂಡಿನ ಕಡೆಯವರು ದಡಬಡ ಓಡಿದರು. ಹಳ್ಳಿಯವರು ಮಾತ್ರ ಸದ್ದಿಲ್ಲದೆ, ಚಪ್ಪಲಿ ಸಪ್ಪಳವೂ ಆಗದಂತೆ ಹೊರಟರು. ಅದೇಕೆಂದು ನನಗೆ ಆಗ ತಿಳಿಯಲಿಲ್ಲ. ಅತ್ತೆ? ದುಪಟ್ಟಾ ಮೂಗಿಗೆ ಮುಚ್ಚಿಕೊಂಡು, ನನ್ನ ಕೈಗೂ ಕಾಯದೆ, ಮಂಡಿನೋವು ಮರೆತು ರಸ್ತೆ ದಾಟಿದರು. ಕುರ್ಚಿ ಅಲ್ಲೇ ಉಳಿಯಿತು.

ಮದುಮಕ್ಕಳು ಹತ್ತಿ ಕೂತರು. ರೆಕ್ಕೆ ತಿರುಗಿತು, ಧೂಳೆದ್ದಿತು. ಸೊಂಟದಷ್ಟು ಎತ್ತರಕ್ಕೆ ಎದ್ದ ಹೆಲಿಕಾಪ್ಟರ್ ಒಮ್ಮೆಲೇ ವಾಲಿತು. ರೆಕ್ಕೆ ನೆಲಕ್ಕೆ ಬಡಿದು ಚೂರಾಯಿತು, ಮೈಯೆಲ್ಲ ತಿರುಗಿಕೊಂಡು ಹಿಪ್ಪುನೇರಳೆ ತೋಟಕ್ಕೆ ಅಡ್ಡಬಿತ್ತು. ಆಮೇಲೆ ಎಂಥ ನಿಶ್ಶಬ್ದ! ಆ ನಿಶ್ಶಬ್ದದಲ್ಲಿ ಅಕ್ಕ ಒಬ್ಬರೇ ಓಡುತ್ತಿದ್ದುದು ಕಾಣಿಸಿತು.

ಗಿಡಗಳು ಹಾಸಿಗೆಯಂತೆ ಹಿಡಿದುಕೊಂಡಿದ್ದವು. ಪೈಲಟ್ ಹೊರಬಂದ, ಮದುಮಗ ಮುರಿದ ಕೈ ಹಿಡಿದುಕೊಂಡು ಬಂದ, ಕೊನೆಗೆ ಜನ ಹುಡುಗಿಯನ್ನು ಹೊರಗೆಳೆದರು. ಬಾಸಿಂಗ ಹರಿದಿತ್ತು, ಹಣೆ ತರಚಿತ್ತು, ಅಷ್ಟೆ. ಅಕ್ಕ ಅವಳನ್ನು ಅಪ್ಪಿಕೊಂಡು ಕನ್ನಡ ಮರೆತು "ಏಮೀ ಕಾಲೇದು, ಏಮೀ ಕಾಲೇದು" ಎನ್ನುತ್ತಲೇ ಇದ್ದರು. ಏನೂ ಆಗಲಿಲ್ಲ, ಏನೂ ಆಗಲಿಲ್ಲ.

ಅತ್ತೆಯ ಕುರ್ಚಿ ಹುಡುಕಿದೆ. ರೆಕ್ಕೆಯ ತುಂಡೊಂದು ಅದನ್ನು ಸೀಳಿಕೊಂಡು ಹೋಗಿ ಗೋಡೆಗೆ ಬಡಿದು ಬಿದ್ದಿತ್ತು. ರಸ್ತೆಯಾಚೆ ನಿಂತಿದ್ದ ಅತ್ತೆಯ ಬಳಿಗೆ ಓಡಿದೆ. ಜಗಳಗಂಟಿ ಅತ್ತೆ, ಹಟಮಾರಿ ಅತ್ತೆ, ಆದರೆ ನನ್ನ ಅತ್ತೆ. ಅವರ ಕೈ ಹಿಡಿದುಕೊಂಡು ಗಳಗಳ ಅತ್ತೆ.

ಆಸ್ಪತ್ರೆಗೆ ಹೋಗಬೇಕಾದವರು ಹೋದ ಮೇಲೆ, "ಅಕ್ಕಾ, ಒಳಗೆ ಜ್ವರದವರು ಹೇಗಿದ್ದಾರೆ?" ಎಂದು ಕೇಳಿದೆ. ಅಕ್ಕ ನನ್ನ ಮುಖ ನೋಡಿ, ಅಷ್ಟು ಅಳುವಿನ ನಡುವೆ ನಕ್ಕುಬಿಟ್ಟರು. ಪರರನ್ನು ಒಳಗೆ ಬಿಡದವರು, ಅಂದು ಕೈಕಾಲು ತೊಳೆಸಿ ನನ್ನನ್ನೂ ಅತ್ತೆಯನ್ನೂ ಕರೆದೊಯ್ದರು. ಸುಣ್ಣದ ಪುಡಿಯ ಕೆಳಗೆ ಸಾವಿರಾರು ಹುಳಗಳು ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು.

"ಇವ್ಕೇ ಕಣಮ್ಮಾ ಜ್ವರ. ಗೂಡು ಕಟ್ಟೋಕ್ಮುಂಚೆ ನಾಲ್ಕು ಸಲ ಚರ್ಮ ಬಿಡ್ತವೆ, ಆಗೆಲ್ಲ ಹಿಂಗೇ ಕೂತ್ಕೊತವೆ. ಸೊಪ್ಪು ತಿನ್ನಲ್ಲ. ಅದಕ್ಕೇ ಆ ತೋಟ ಇವತ್ತು ಕೊಯ್ದಿರ್ಲಿಲ್ಲ."

ಬದುಕೆಲ್ಲ ಗೂಡು ಬೇಯಿಸಿದವರು ನಮ್ಮ ಅತ್ತೆ. ಅದರೊಳಗಿನ ಜೀವವನ್ನು ಹೀಗೆ ಉಸಿರಾಡುತ್ತಿರುವಾಗ ನೋಡಿದ್ದು ಅಂದೇ ಮೊದಲು. ಎರಡೂ ಅಂಗೈ ತೆರೆದು ದುವಾ ಮಾಡುತ್ತಾ ಬಹಳ ಹೊತ್ತು ನಿಂತರು.

ಎರಡು ವಾರಗಳ ನಂತರ ಅದೇ ಹುಳದ ಗೂಡು ಮಾರುಕಟ್ಟೆಯಿಂದ ನಮ್ಮ ಮನೆಗೇ ಬಂತು. ಬೇಯಿಸಿದೆವು, ನಮ್ಮ ಅನ್ನವೇ ಅದು. ಆದರೆ ನೀರು ಕುದಿಯುವ ಮುಂಚೆ ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು, ಎರಡು ಬೊಗಸೆ ಗೂಡು ದುಪಟ್ಟಾಕ್ಕೆ ತುಂಬಿಕೊಂಡರು. "ಇನೋಕು ನಕ್ಕೋ" ಎಂದರು. ಇವಕ್ಕೆ ಬೇಡ. ಅವು ಅತ್ತೆಯ ಮಂಚದ ಪಕ್ಕದ ಮೊರದಲ್ಲಿ ಚಿಟ್ಟೆಯಾಗಿ ಹೊರಬಂದವು. ತೂತು ಬಿದ್ದ ಗೂಡು ನಮ್ಮಂಥವರಿಗೆ ಯಾವ ಕೆಲಸಕ್ಕೂ ಬಾರದು. ಅತ್ತೆ ಆ ಗೂಡುಗಳನ್ನು ಇನ್ನೂ ಎಸೆಯಲು ಬಿಟ್ಟಿಲ್ಲ, ಮೊರದ ಧೂಳು ಒರೆಸುವುದು ನಾನೇ.