ಏಳು ರೊಟ್ಟಿಯ ಹೊತ್ತು

ಆಗ ನಮ್ಮ ಮನೆಯ ಕಂಪ್ಯೂಟರ್ ಶುರುವಾಗಲು ಏಳು ರೊಟ್ಟಿ ಬೇಕಾಗುತ್ತಿದ್ದವು. ತಿನ್ನುವುದಕ್ಕಲ್ಲ, ಎಣಿಸುವುದಕ್ಕೆ. ಬೆಳಿಗ್ಗೆ ನಾನು ಬಟನ್ ಒತ್ತಿ ಅಡಿಗೆಮನೆಗೆ ಓಡಿ, ರೊಟ್ಟಿ ಬಡಿಯುತ್ತಿದ್ದ ಆಯಿಯ ಪಕ್ಕ ಕೂರುತ್ತಿದ್ದೆ. ಆಯಿ ಎಂದರೆ ಅಪ್ಪನ ತಾಯಿ. ಏಳನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಒಳಕೋಣೆಯಿಂದ 'ಟಣ್' ಎಂಬ ಸದ್ದು ಬರುತ್ತಿತ್ತು.

ಕುಂದಗೋಳದಲ್ಲಿ ಟೈಪಿಂಗ್ ಕ್ಲಾಸೊಂದು ಮುಚ್ಚಿದಾಗ ಅಪ್ಪ ತಂದ ಹಳೆಯ ಕಂಪ್ಯೂಟರ್ ಅದು. ಅಪ್ಪ ನಮ್ಮೂರ ಹೈಸ್ಕೂಲಿನ ಗುಮಾಸ್ತ; ಶಾಲೆಯ ಪತ್ರಗಳನ್ನು ಮನೆಯಲ್ಲೇ ಟೈಪ್ ಮಾಡುತ್ತಿದ್ದರು. ಮೇಜಿನ ಮೇಲೆ ಡುಬ್ಬ ಬೆನ್ನಿನ ಮಾನಿಟರ್, ಕೆಳಗೆ ಮಣೆಯ ಮೇಲೆ ಸಿಪಿಯು ಡಬ್ಬಿ, ಅದೇ ಕೋಣೆಯ ಮೂಲೆಯಲ್ಲಿ ಮೆಣಸಿನಕಾಯಿ ಚೀಲಗಳು. ಡಬ್ಬಿಯ ಫ್ಯಾನ್ ತಿರುಗತೊಡಗಿದರೆ ಘಾಟು ಎದ್ದು ಮೊದಲು ನಾನು ಸೀನುತ್ತಿದ್ದೆ, ಆಮೇಲೆ ಅಪ್ಪ.

ಕಂಪ್ಯೂಟರಿನ ಜೊತೆ ಒಂದು ಸಿಡಿಯೂ ಬಂದಿತ್ತು. ಜಗತ್ತಿನ ಪ್ರಾಣಿಗಳೆಲ್ಲ ಅದರೊಳಗಿದ್ದವು. ನಮ್ಮ ಕಂಪ್ಯೂಟರಿನ ನಿಧಾನಕ್ಕೆ ಒಂದೊಂದು ಚಿತ್ರವೂ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಪೂರ್ತಿ ಕಾಣುವ ಮೊದಲೇ ಯಾವ ಪ್ರಾಣಿ ಎಂದು ಹೇಳಬೇಕು, ಅದೇ ನನ್ನ ಮತ್ತು ಆಯಿಯ ಆಟ. ರೊಟ್ಟಿ ಮುಗಿಸಿ ಬಂದ ಆಯಿ ಕೌದಿಯನ್ನು ಕಾಲ ಮೇಲೆ ಹೊದ್ದು, ನನ್ನ ಕುರ್ಚಿಯ ಬದಿಗೆ ನೆಲದಲ್ಲಿ ಕೂರುತ್ತಿದ್ದಳು. ಅವಳ ಕೈಯಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆ ಇರುತ್ತಿತ್ತು.

"ಸಣ್ಣ ಕೋಡ ಅದಾವು. ಆಡು!" ಎಂದಳು ಒಮ್ಮೆ. ಆಮೇಲೆ ಕುತ್ತಿಗೆ ಬಂತು. ಮತ್ತೆ ಕುತ್ತಿಗೆ. ಮತ್ತೂ ಕುತ್ತಿಗೆ.

"ಇದರ ಕುತ್ತಿಗಿ ಮುಗಿಯಾಕ ಒಲ್ದಲ್ಲ ಬೇ! ಕಂಪ್ಯೂಟರ್ ಕೆಟ್ಟೈತೇನ ನೋಡು."

ಕೊನೆಗೆ ಜಿರಾಫೆಯ ನಾಲ್ಕು ಕಾಲುಗಳೂ ಇಳಿದಾಗ ಆಯಿ ಪರದೆಗೆ ಕೈಮುಗಿದಳು.

ಆ ವರ್ಷದ ದಸರಾ ರಜೆಯಲ್ಲಿ ಕಂಪ್ಯೂಟರ್ ನಡುವೆಯೇ ಆರಿಹೋಗತೊಡಗಿತು. ಒಂದು ಹಕ್ಕಿಯ ತಲೆ ಬಂದು, ಕುತ್ತಿಗೆ ಬಂದು, ಮೈ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಏಳು ರೊಟ್ಟಿಯ ಹೊತ್ತು ಕಾದರೆ ಮತ್ತೆ ಅಷ್ಟೇ. ಅಪ್ಪನ ಪತ್ರವೂ ಎರಡು ಸಲ ಅರ್ಧಕ್ಕೇ ಅಳಿಸಿಹೋಯಿತು.

"ಮಹಾನವಮಿ ಪೂಜಿ ತನಕ ನೋಡ್ತೀನಿ. ಹಿಂಗ ಮಾಡಿದ್ರ ಮೋಡಕಾದಾವಗ ಕೊಡೂದ" ಎಂದರು ಅಪ್ಪ.

ಮೋಡಕಾದವನೆಂದರೆ ಗುಜರಿಯವನು. ಸಿಡಿಯಲ್ಲಿ ನಾವಿನ್ನೂ ಅರ್ಧದಷ್ಟು ಪ್ರಾಣಿಗಳನ್ನೂ ನೋಡಿರಲಿಲ್ಲ. ಆ ಹಕ್ಕಿಗೆ ಮೈ ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಕಾರಣ ಹುಡುಕಲೇಬೇಕೆಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಟೆ: ಮಳೆ ಇತ್ತೇ, ಕರೆಂಟು ಹೋಗಿ ಬಂತೇ, ಎಷ್ಟು ಸೀನು ಬಂದವು. ಎರಡು ವಾರದ ಪುಟಗಳನ್ನು ತಿರುವಿದಾಗ ಒಂದು ವಿಚಿತ್ರ ಕಂಡಿತು. ಸೋಮವಾರ ಮಾತ್ರ ಅದು ಆರುತ್ತಿರಲಿಲ್ಲ. ಶಿವನ ದಯೆ ಇರಬಹುದೆಂದು ಮೊದಲು ಅಂದುಕೊಂಡೆ. ಆಮೇಲೆ ಹೊಳೆಯಿತು, ಸೋಮವಾರ ಬೆಳಿಗ್ಗೆ ಆಯಿ ಬಸವಣ್ಣನ ಗುಡಿಗೆ ಹೋಗುತ್ತಾಳೆ, ಆಟಕ್ಕೆ ಬರುವುದಿಲ್ಲ.

ಮಂಗಳವಾರ ಪರದೆ ನೋಡುವವಳಂತೆ ನಟಿಸುತ್ತ ಕೆಳಗೆ ಬಗ್ಗಿದೆ. ಆಯಿ ಅಂಗೈ ಮಗುಚಿ ಡಬ್ಬಿಯನ್ನು ಮುಟ್ಟಿ ನೋಡಿದಳು. ತನ್ನ ಕಾಲ ಮೇಲಿನ ಕೌದಿ ತೆಗೆದು ಅದಕ್ಕೆ ಸುತ್ತಿ, ಅಂಚುಗಳನ್ನು ನಾಲ್ಕೂ ಕಡೆ ಒಳಗೆ ಸೇರಿಸಿದಳು.

"ಆಯಿ, ಏನ್ ಮಾಡಾಕತ್ತೀ?"

"ಮೈ ಅಗದಿ ಕಾವೇರೈತಿ ಬೇ. ಜ್ವರ ಬಂದಾವರನ್ನ ಹಂಗ ಬಿಡ್ತಾರೇನ? ಬೆವತು ಇಳೀಲಿ ಅಂತ ದಿನಾ ಹೊಚ್ಚತೀನಿ. ನಿಮ್ಮಪ್ಪ ಮೋಡಕಾಕ್ಕ ಹಾಕೂದರಾಗ ಆರಾಮ ಆಗಬೇಕಲ್ಲ."

"ಇದಕ್ಕ ಬೆವರು ಬರಂಗಿಲ್ಲ ಆಯಿ. ಗಾಳಿ ಬೇಕು."

ಆಯಿಯ ಕೈ ಕೌದಿಯ ಮೇಲೆಯೇ ನಿಂತಿತು. "ಅಂದ್ರ ನಾನ ಅದರ ಉಸರ ಕಟ್ಟಿಸೀನೇನು?"

ಇಲ್ಲ ಎಂದು ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

"ನಿಮ್ಮಪ್ಪಗ ಹೇಳಬ್ಯಾಡ" ಎಂದಳು. ಕೌದಿ ಬಿಚ್ಚಿ ಪಕ್ಕಕ್ಕಿಟ್ಟು, "ಅದರ ಮೂಗು ಎಲ್ಲೈತಿ, ತೋರಸು" ಎಂದಳು.

ಡಬ್ಬಿಯ ಹಿಂದಿನ ಫ್ಯಾನ್ ತೋರಿಸಿದೆ. ದೀಪದ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯಿಂದ ಒಂದು ಎಳೆ ತೆಗೆದು ಆಯಿ ಅದರ ಮುಂದೆ ಹಿಡಿದಳು. ಎಳೆ ಪಟಪಟನೆ ಹಾರಾಡಿತು. ಅದನ್ನೇ ಬಹಳ ಹೊತ್ತು ನೋಡುತ್ತ ಕೂತಳು.

ಮಧ್ಯಾಹ್ನ ಕೌದಿಗೆ ಕತ್ತರಿ ಬಿತ್ತು. ಅಪ್ಪನ ಚಿಕ್ಕಂದಿನ ಅಂಗಿಯ ತುಂಡುಗಳಿದ್ದ ಕೌದಿ ಅದು. ಬೇಡ ಎಂದರೂ ಆಯಿ ಕೇಳಲಿಲ್ಲ. "ಧೂಳು ಒಳಗ ಹೋಗ್ತೈತಿ, ಬರೇ ಮೈಲೆ ಇಡಬಾರದು. ಎತ್ತಿಗೆ ಹೊಚ್ಚೂ ಜೂಲಕ್ಕ ಕೋಡಿನ ಜಾಗಾ ಬಿಡತೀವಿಲ್ಲ, ಹಂಗ ಇದಕ್ಕ ಮೂಗಿನ ಜಾಗಾ." ಹಿಂದೊಂದು, ಮುಂದೊಂದು ಕಿಂಡಿ ಕತ್ತರಿಸಿ, ಸುತ್ತ ಕೆಂಪು ದಾರದಲ್ಲಿ ಹೊಲಿದಳು.

ಮರುದಿನ ಹಕ್ಕಿಗೆ ಮೈ ಬಂತು. ಉಷ್ಟ್ರಪಕ್ಷಿ. "ಇಷ್ಟ ದೊಡ್ಡ ಮೈ ಹೊತ್ತು ತರೂದಿತ್ತು, ದಣೀದ ಏನ್ ಮಾಡೀತು?" ಎಂದಳು ಆಯಿ.

ಮಹಾನವಮಿಯ ದಿನ ಅಪ್ಪ ಒಂದೇ ಸಲಕ್ಕೆ ಕೂತು ಮೂರು ಪತ್ರ ಮುಗಿಸಿ, ಮಾನಿಟರಿಗೆ ಮೂರು ಬೆರಳು ವಿಭೂತಿ ಎಳೆದರು. "ಮೋಡಕಾ ಅಂದಕೂಡ್ಲೆ ಹ್ಯಾಂಗ ಹಾದಿಗೆ ಬಂತು ನೋಡವ್ವಾ!"

"ಹೌದಪಾ, ಹೆದರಿಕಿ ಇರಬೇಕು" ಎಂದಳು ಆಯಿ, ನನ್ನ ಕಡೆ ನೋಡದೆ.

ಈಗ ಆ ಕಂಪ್ಯೂಟರ್ ಕಲಘಟಗಿಯಲ್ಲಿ ನನ್ನ ಬಳಿ ಇದೆ. ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ, ಪ್ರಶ್ನೆಪತ್ರಿಕೆಗಳನ್ನು ಅದರಲ್ಲೇ ಟೈಪ್ ಮಾಡುತ್ತೇನೆ. ಜೊತೆಯವರು ನಗುತ್ತಾರೆ. ಮೊಬೈಲಿನಲ್ಲಿ ಜಿರಾಫೆ ಒಮ್ಮೆಗೇ ಪೂರ್ತಿ ಬಂದು ನಿಲ್ಲುತ್ತದೆ, ಆಡು ಎನ್ನಲು ಬಿಡುವೇ ಇಲ್ಲ. ನಮ್ಮ ಮನೆಗೆ ರೊಟ್ಟಿಯೂ ಕಟ್ಟು ಕಟ್ಟಾಗಿ ಅಂಗಡಿಯಿಂದ ಬರುತ್ತದೆ.

ಕಂಪ್ಯೂಟರ್ ಮೊದಲಿಗಿಂತ ನಿಧಾನವಾಗಿದೆ ಅನ್ನಿಸಿ, ಎಷ್ಟೆಂದು ತಿಳಿಯುವ ಕುತೂಹಲಕ್ಕೆ ಕಳೆದ ಭಾನುವಾರ ಹಿಟ್ಟು ನಾದಿಕೊಂಡೆ. ಬಟನ್ ಒತ್ತಿ ಬಂದು ಬಡಿಯಲು ಕೂತೆ. ಮೊದಲನೆಯದು ಹರಿಯಿತು. ಎರಡನೆಯದು ಕೈಗೆ ಅಂಟಿತು. ಮೂರನೆಯದನ್ನು ಹೇಗೋ ಹಂಚಿಗೆ ಹಾಕುವಷ್ಟರಲ್ಲಿ ಒಳಗಿನಿಂದ 'ಟಣ್' ಎಂದಿತು.

ಬರೇ ಮೂರು ರೊಟ್ಟಿ! ಲೆಕ್ಕದ ಪ್ರಕಾರ ಕಂಪ್ಯೂಟರ್ ಚುರುಕಾಗಿತ್ತು. ಇದನ್ನು ಹೇಳಲೆಂದು ನಗುತ್ತ ಪಕ್ಕಕ್ಕೆ ತಿರುಗಿದೆ. ಅಲ್ಲಿ ಆಯಿ ಇರಲಿಲ್ಲ.